ಬರೆಯುವ ಕೈಗಳಿಗೊಂದು ಮೇಜು



ನಮ್ಮ ಸಂಘದ ಗ್ರಂಥಾಲಯದಲ್ಲಿ ಬರುವ ತಿಂಗಳಿನಿಂದ ಮಕ್ಕಳಿಗಾಗಿ ಚಿತ್ರಕಲೆಯ ಕೂಟವೊಂದು ಆರಂಭವಾಗಲಿದೆ. ತಿಂಗಳ ಮೊದಲನೆಯ ಮತ್ತು ಮೂರನೆಯ ಭಾನುವಾರ ಬೆಳಿಗ್ಗೆ 10ರಿಂದ 12ರವರೆಗೆ, 6ರಿಂದ 14 ವರ್ಷದೊಳಗಿನ ಯಾವ ಮಗುವೂ ಬರಬಹುದು. ಶುಲ್ಕವಿಲ್ಲ, ಸದಸ್ಯರ ಮಕ್ಕಳೇ ಆಗಿರಬೇಕೆಂಬ ನಿಯಮವೂ ಇಲ್ಲ. ಇಷ್ಟನ್ನು ತಿಳಿಸಲು ಸೂಚನಾ ಫಲಕದ ನಾಲ್ಕು ಸಾಲು ಸಾಕಿತ್ತು. ಸಂಪಾದಕೀಯವನ್ನೇ ಇದಕ್ಕೆ ಮೀಸಲಿಡಲು ಕಾರಣ, ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಎದ್ದ ಒಂದು ಪ್ರಶ್ನೆ: ಕನ್ನಡ ಪುಸ್ತಕಗಳಿಗೆಂದು ಕಟ್ಟಿದ ಗ್ರಂಥಾಲಯಕ್ಕೂ ಬಣ್ಣದ ಬಟ್ಟಲಿಗೂ ಏನು ಸಂಬಂಧ?

ಕೇಳಿದವರು ಹಗುರವಾಗಿ ಕೇಳಿದವರಲ್ಲ. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಓದಿದವರ ಪೀಳಿಗೆಯೊಂದು ಮುಂಬಯಿಯಲ್ಲಿತ್ತು. ಕನ್ನಡ ಪುಸ್ತಕವೆಂದರೆ ಅವರಿಗೆ ಬೆವರಿನಿಂದ ಗಳಿಸಿದ ಆಸ್ತಿ. ಅಂಥವರು ಕೂಡಿಟ್ಟ ಪುಸ್ತಕಗಳ ನಡುವೆ ಬಣ್ಣದ ನೀರು ಚೆಲ್ಲೀತೆಂಬ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ಪೀಳಿಗೆಯ ಮೊಮ್ಮಕ್ಕಳ ಸ್ಥಿತಿ ಬೇರೆ. ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ, ಕಟ್ಟಡದ ಅಂಗಳದಲ್ಲಿ ಹಿಂದಿ. ಕನ್ನಡವನ್ನು ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅಜ್ಜ ಪತ್ರಿಕೆ ಓದಿ ಮುಗಿಸುವವರೆಗೆ ಆ ಮಗು ಗ್ರಂಥಾಲಯದ ಬಾಗಿಲಲ್ಲಿ ಮೊಬೈಲು ಹಿಡಿದು ನಿಂತಿರುತ್ತದೆ. ಮಕ್ಕಳ ಕಪಾಟಿನಲ್ಲಿ ಕಾರಂತರ 'ಬಾಲಪ್ರಪಂಚ'ವೇ ಇದ್ದರೂ ಅದು ಆ ಮಗುವಿನ ಮಟ್ಟಿಗೆ ಬೀಗ ಹಾಕಿದ ಪ್ರಪಂಚ.

ಸಂಬಂಧವೇನೆಂಬ ಪ್ರಶ್ನೆಗೆ ನಮ್ಮ ನುಡಿಯೇ ಉತ್ತರ ಕೊಟ್ಟಿದೆ. ಮರಾಠಿಯಲ್ಲಿ ಅಕ್ಷರವನ್ನು 'ಲಿಹಿಣೆ', ಚಿತ್ರವನ್ನು 'ಕಾಢಣೆ'. ಹಿಂದಿಯಲ್ಲಿಯೂ ಎರಡಕ್ಕೆ ಎರಡು ಕ್ರಿಯಾಪದ. ಕನ್ನಡದಲ್ಲಿ ಪತ್ರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ವೃತ್ತವೊಂದನ್ನು ಎಳೆದು ನಡುವೆ ಚುಕ್ಕೆ ಇಟ್ಟ ಮಗು ತನಗರಿವಿಲ್ಲದೆಯೇ 'ಠ' ಬರೆದಿರುತ್ತದೆ. ಗೀಟು ಎಳೆಯಲು ಹೆದರದ ಕೈ ಅಕ್ಷರಕ್ಕೂ ಹೆದರಲಾರದು.

ನೆರೆಹೊರೆಯ ನಂಟೂ ಇಲ್ಲಿ ಕಣ್ಣಿಗೆ ಕಾಣುವಂತಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಇತ್ತ ಮುಂಬಯಿಯ ಮಗ್ಗುಲಿನ ಪಾಲ್ಘರ್ ಜಿಲ್ಲೆಯ ವಾರ್ಲಿಗಳು ಮಣ್ಣಿನ ಗೋಡೆಯ ಮೇಲೆ ಅದೇ ಅಕ್ಕಿಹಿಟ್ಟಿನಿಂದ, ಬಿದಿರ ಕಡ್ಡಿಯಿಂದ ಬರೆಯುತ್ತಾರೆ. ಎರಡೂ ಮದುವೆಯ ಮನೆಯನ್ನು ಸಿಂಗರಿಸುವ ಚಿತ್ರಗಳು. ನಮ್ಮ ಮೊದಲ ಕೂಟದಲ್ಲಿ ಮಕ್ಕಳು ಕೆಮ್ಮಣ್ಣು ಬಳಿದ ಕಾಗದದ ಮೇಲೆ ಅಕ್ಕಿಹಿಟ್ಟಿನಿಂದ ಈ ಎರಡನ್ನೂ ಪ್ರಯತ್ನಿಸಲಿದ್ದಾರೆ. ಅಜ್ಜಿಯ ಊರಿಗೂ ತಾನು ಹುಟ್ಟಿದ ನೆಲಕ್ಕೂ ನಡುವೆ ಒಂದನ್ನೇ ಆರಿಸಿಕೊಳ್ಳಬೇಕಾಗಿಲ್ಲವೆಂಬುದು ಆ ಕಾಗದದ ಮೇಲೆ ತಾನಾಗಿ ತಿಳಿದೀತು.

ಈ ನಗರ ನಮ್ಮ ಕುಂಚಗಾರರನ್ನು ಬೆಳೆಸಿದ ನಗರವೂ ಹೌದು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಇಲ್ಲಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ನರ್ತಕರ ಚಲನೆಯನ್ನು ಒಂದೆರಡು ರೇಖೆಗಳಲ್ಲಿ ಹಿಡಿದವರು. ಕಲಬುರಗಿಯ ಎಸ್. ಎಂ. ಪಂಡಿತರ ಚಿತ್ರಗಳು ಕ್ಯಾಲೆಂಡರುಗಳ, ಚಲನಚಿತ್ರ ಪೋಸ್ಟರುಗಳ ಮೂಲಕ ಮನೆಮನೆಯನ್ನು ತಲುಪಿದವು. ಅವರ ಹೆಸರನ್ನು ನಮ್ಮ ಮಕ್ಕಳು ನಮ್ಮಿಂದಲ್ಲದೆ ಇನ್ನಾರಿಂದ ಕೇಳಬೇಕು?

ಕೂಟದ ಮಾತು ಕನ್ನಡದಲ್ಲಿ ನಡೆಯುತ್ತದೆ. ಪಾಠವಾಗಿ ಅಲ್ಲ, ಕೆಲಸದ ಮಾತಾಗಿ. "ಕುಂಚ ತೊಳೆ", "ಅಂಚು ಬಿಡು", "ನೇರಳೆ ಬಣ್ಣ ಇತ್ತ ಕೊಡು". ನೇರಳೆ ಹಣ್ಣಿನಿಂದ ನಮ್ಮಲ್ಲಿ ಬಣ್ಣಕ್ಕೆ ಹೆಸರು ಬಂದಂತೆ, ಮರಾಠಿಯಲ್ಲಿ ಜಾಂಭೂಳ ಹಣ್ಣಿನಿಂದಲೇ 'ಜಾಂಭಳಾ' ಬಂದಿದೆ. ನಮ್ಮ ಗಿಳಿಹಸಿರು ಅವರಲ್ಲಿ 'ಪೋಪಟೀ'. ಶಾಲೆಯಲ್ಲಿ ಕಲಿತ ಮಾತಿನ ಕೈಹಿಡಿದೇ ಮಗು ಕನ್ನಡದ ಮಾತಿಗೆ ಬರಬಹುದು.

ಕೆಲವು ಮಾತುಗಳನ್ನು ಮೊದಲೇ ಸ್ಪಷ್ಟಪಡಿಸುವುದು ಲೇಸು. ಈ ರಾಜ್ಯದಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಸರಕಾರಿ ಚಿತ್ರಕಲಾ ಪರೀಕ್ಷೆಗಳಿವೆ. ಪಾಲಕರ ಮೊದಲ ಪ್ರಶ್ನೆ ಅವುಗಳ ಕುರಿತೇ ಇದ್ದೀತು. ಆ ತರಬೇತಿ ಕೊಡುವ ತರಗತಿಗಳು ಬೇಕಾದಷ್ಟಿವೆ, ಇದು ಅದಲ್ಲ. ಇಲ್ಲಿ ಸ್ಪರ್ಧೆಯಿಲ್ಲ, ಬಹುಮಾನವಿಲ್ಲ, ಮುದ್ರಿತ ಆನೆಯ ಹೊಟ್ಟೆಗೆ ಬಣ್ಣ ತುಂಬಿಸುವ ಕೆಲಸವೂ ಇಲ್ಲ. ಚಿತ್ರವನ್ನು ಗಾಳದ ತುದಿಯ ಎರೆಯಂತೆ ಮುಂದಿಟ್ಟು ಮಗುವನ್ನು ಅಕ್ಷರಕ್ಕೆ ಎಳೆಯುವ ಹುನ್ನಾರವೂ ಸಲ್ಲದು. ಮಕ್ಕಳು ಅದನ್ನು ನಮಗಿಂತ ಮೊದಲೇ ಗುರುತಿಸುತ್ತಾರೆ.

ಇನ್ನೊಂದು ಮಾತನ್ನು ಹಿರಿಯರಲ್ಲಿ ಸಂಕೋಚವಿಲ್ಲದೆ ಅರಿಕೆ ಮಾಡಿಕೊಳ್ಳುತ್ತೇನೆ. "ಅಮ್ಮ ಹೋದ" ಎಂದು ಮಗು ಲಿಂಗ ತಪ್ಪಿ ಆಡಿದಾಗ ನಾವು ನಗುತ್ತೇವೆ. ನಾಲ್ಕು ಜನರ ಮುಂದೆ ಮತ್ತೊಮ್ಮೆ ಹೇಳಿಸಿ ಇನ್ನಷ್ಟು ನಗುತ್ತೇವೆ. ಅದರಲ್ಲಿ ಕೆಡುಕಿಲ್ಲವೆಂದು ನಮಗೆ ಗೊತ್ತು, ಮಗುವಿಗೆ ಗೊತ್ತಿಲ್ಲ. ಮರುವರ್ಷ ಅದು ರಾಜ್ಯೋತ್ಸವಕ್ಕೆ ಬರಲು ಒಲ್ಲೆನೆನ್ನುತ್ತದೆ. ಹೊರನಾಡಿನಲ್ಲಿ ಕನ್ನಡ ಸೊರಗುವುದಕ್ಕೆ ನಾವು ಪಟ್ಟಿ ಮಾಡುವ ದೊಡ್ಡ ಕಾರಣಗಳ ನಡುವೆ ಈ ನಗೆಯೂ ಒಂದು. ಕೂಟದ ಮೇಜಿನ ಸುತ್ತ ಯಾರೂ ಯಾರ ಕನ್ನಡವನ್ನೂ ಆಡಿಕೊಳ್ಳಕೂಡದು, ಇದೊಂದೇ ನಮ್ಮ ಕಟ್ಟಳೆ.

ಹನ್ನೆರಡು ಭಾನುವಾರಗಳಲ್ಲಿ ಓದುಗರ ದಂಡು ಹುಟ್ಟೀತೆಂದು ನಾನು ಭರವಸೆ ಕೊಡಲಾರೆ. ಮಕ್ಕಳ ಪುಸ್ತಕಗಳನ್ನು ಗಾಜಿನ ಕಪಾಟಿನಿಂದ ತೆಗೆದು ಅವರ ಕೈಗೆಟಕುವ ತಗ್ಗಿನ ಹಲಗೆಗೆ ಇಳಿಸಲಾಗುವುದು. ಬಣ್ಣ ಒಣಗುವಷ್ಟು ಹೊತ್ತು ಹಿರಿಯರೊಬ್ಬರು ಕತೆಯೊಂದನ್ನು ಓದಿ ಹೇಳುವರು. ಅಲ್ಲಿಂದ ಮುಂದಿನದು ಮಗುವಿನ ಇಚ್ಛೆ. ವರ್ಷದ ಕೊನೆಗೆ ಆ ಹಲಗೆಯಿಂದ ಎಷ್ಟು ಪುಸ್ತಕಗಳು ಮನೆಗೆ ಹೋದವೆಂಬ ಲೆಕ್ಕವನ್ನು ಇದೇ ಪುಟದಲ್ಲಿ ತಮ್ಮ ಮುಂದಿಡುತ್ತೇನೆ, ಅಂಕಿ ಸಣ್ಣದಿದ್ದರೂ.

ನಮಗೆ ಬೇಕಾದುದು ದೊಡ್ಡ ದೇಣಿಗೆಯಲ್ಲ. ಒಂದು ಮಗ್ಗುಲು ಖಾಲಿಯಿರುವ ಕಚೇರಿ ಕಾಗದ, ಹಳೆಯ ಪತ್ರಿಕೆ, ಸವೆದ ಸೀರೆಯ ತುಂಡು, ಮತ್ತು ಎರಡು ಗಂಟೆ ಮಕ್ಕಳೊಡನೆ ಕುಳಿತುಕೊಳ್ಳಬಲ್ಲ ತಾಳ್ಮೆ. ರಂಗೋಲಿ ಬಲ್ಲ ತಾಯಂದಿರು, ನಿವೃತ್ತ ಶಿಕ್ಷಕರು, ಅಂಗಡಿಯ ಬೋರ್ಡು ಬರೆದು ಪಳಗಿದವರು ಮುಂದೆ ಬರಬೇಕು. ಮೇಜಿನ ಮೇಲೆ ಕಲೆ ಬೀಳುವುದು ಖಂಡಿತ, ಅದನ್ನು ಒರೆಸಿದರಾಯಿತು. ಯಾರೂ ಕೂರದೆ ಧೂಳು ಕುಳಿತ ಮೇಜಿಗಿಂತ ಅದು ಮೇಲು.