ಊರಂಚಿನ ಮಡಿಗಳನ್ನು ಉಳಿಸಿಕೊಳ್ಳೋಣ

ಜೋಳದ ರೊಟ್ಟಿ, ಝುಣಕ, ಗುದ್ದಿ ಒಡೆದ ಉಳ್ಳಾಗಡ್ಡಿ. ಪಕ್ಕದಲ್ಲಿ ಹಸಿ ಮೆಂತ್ಯೆ, ಹಕ್ಕರಿಕೆ, ಮೂಲಂಗಿ ತಪ್ಪಲು. ತೇರದಾಳ ಸೀಮೆಯಲ್ಲಿ ಊಟ ಅನ್ನಿಸಿಕೊಳ್ಳುವುದು ಇದು. ಎಲೆಯನ್ನು ಬೇಯಿಸದೆ ಹಾಗೇ ತಿನ್ನುವ ಜನ ನಾವು. ಬೆಳಿಗ್ಗೆ ಕಿತ್ತ ತಪ್ಪಲು ಬಿಸಿಲೇರುವಷ್ಟರಲ್ಲಿ ಬಾಡುತ್ತದೆ. ಅದು ಊರ ಮಗ್ಗುಲ ಮಡಿಗಳಲ್ಲೇ ಬೆಳೆಯಬೇಕು, ದೂರದಿಂದ ಲಾರಿಯಲ್ಲಿ ಬರಬಾರದು.

ಊರ ಮಗ್ಗುಲ ಹೊಲಗಳೋ ಎನ್‌ಎ (ಕೃಷಿಯೇತರ) ಪ್ಲಾಟುಗಳಾಗುತ್ತಿವೆ. ಉಳಿದ ಹೊಲದಲ್ಲಿ ಕಬ್ಬು. ಕೃಷ್ಣೆ, ಘಟಪ್ರಭೆಯ ನೀರು ಕುಡಿದ ಕರಿಮಣ್ಣು ಹಲವೆಡೆ ಸವಳು ಹಿಡಿದಿದೆ. ನೀರು ಹೆಚ್ಚಾದಷ್ಟೂ ಅಡಿಯ ಉಪ್ಪು ಮೇಲೆ ಬರುತ್ತದೆ ಎಂಬುದು ಇಲ್ಲಿನ ರೈತರಿಗೆ ಯಾರಾದರೂ ಹೇಳಿಕೊಡಬೇಕಾದ ಪಾಠವಲ್ಲ.

ನಗರ ಕೃಷಿ ಎಂದ ಕೂಡಲೇ ಬೆಂಗಳೂರಿನ ತಾರಸಿ ತೋಟ ಕಣ್ಣ ಮುಂದೆ ಬರುತ್ತದೆ. ಡಾ. ಬಿ.ಎನ್. ವಿಶ್ವನಾಥ್ ಅಲ್ಲಿ ನೂರಾರು ಮನೆಗಳಿಗೆ ತಾರಸಿಯಲ್ಲಿ ಕಾಯಿಪಲ್ಯೆ ಬೆಳೆಯುವುದನ್ನು ಕಲಿಸಿದರು. ಅದು ದೊಡ್ಡ ಕೆಲಸ, ಆದರೆ ಅದನ್ನು ಹಾಗೆಯೇ ಇಲ್ಲಿಗೆ ಎತ್ತಿ ತರಲಾಗದು. 2011ರ ಜನಗಣತಿಯಲ್ಲೇ ಜನಸಂಖ್ಯೆ 70 ಸಾವಿರ ದಾಟಿದ್ದ ಪಕ್ಕದ ನೇಕಾರ ಊರು ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮನೆಯೂ ಮಗ್ಗವೂ ಒಂದೇ ಸೂರಿನಡಿ ಇವೆ. ನೂರು ಚದರಡಿಗೆ ಒಂದಡಿ ದಪ್ಪ ಹಸಿಮಣ್ಣು ಹರವಿದರೆ ನಾಲ್ಕು ಟನ್ನಿಗೂ ಹೆಚ್ಚು ತೂಕ. ತಗಡಿನ ಸೂರಾಗಲಿ, ಹಳೆಯ ಮಣ್ಣಿನ ಮಾಳಿಗೆಯಾಗಲಿ ಅದನ್ನು ತಾಳುವುದಿಲ್ಲ. ಗಟ್ಟಿ ಆರ್‌ಸಿಸಿ ಇದ್ದವರು ತೆಂಗಿನ ನಾರಿನ ಪುಡಿ, ಎರೆಗೊಬ್ಬರ ತುಂಬಿದ ಹಗುರ ಚೀಲಗಳಲ್ಲಿ ಬೆಳೆಯಲಿ. ಉಳಿದವರಿಗೆ ಊರಂಚಿನ ನೆಲವೇ ಗತಿ.

ನಮಗೆ ಹತ್ತಿರದ ಪಾಠ ಹುಬ್ಬಳ್ಳಿ-ಧಾರವಾಡದ್ದು. ಅಲ್ಲಿನ ಗಟಾರದ ನಾಲೆಗಳ ದಂಡೆಯಲ್ಲಿ ರೈತರು ಬಹುಕಾಲದಿಂದ ಆ ನೀರನ್ನೇ ಎತ್ತಿ ಕಾಯಿಪಲ್ಯೆ ಬೆಳೆದಿದ್ದಾರೆ. ಬೇಸಿಗೆಯಲ್ಲೂ ಬತ್ತದ ನೀರು, ಅದರಲ್ಲೇ ಗೊಬ್ಬರ. ಬಡ ರೈತನಿಗೆ ಅದು ಆಸರೆ. ಅದೇ ನೀರಿನಲ್ಲಿ ರೋಗಾಣು, ಪ್ಲಾಸ್ಟಿಕ್, ಆಸ್ಪತ್ರೆಯ ಸೂಜಿಯೂ ಹರಿದು ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಹಸಿಯಾಗಿ ತಿನ್ನುವ ಬೆಳೆಗೆ ಹೆಚ್ಚು ಬಿಗಿಯಾದ ಕಟ್ಟುಪಾಡು ಇಟ್ಟಿದೆ. ಹಕ್ಕರಿಕೆಯನ್ನು ರೊಟ್ಟಿಯಲ್ಲಿ ಸುತ್ತಿ ತಿನ್ನುವ ನಮಗೆ ಆ ಮಾತು ಎಲ್ಲರಿಗಿಂತ ಹೆಚ್ಚು ಅನ್ವಯಿಸುತ್ತದೆ. ನೇಕಾರ ಊರುಗಳಲ್ಲಂತೂ ಬಣ್ಣದ ನೀರು ಗಟಾರ ಸೇರುತ್ತದೆ. ಅದನ್ನು ಯಾವ ಮಡಿಗೂ ಬಿಡಕೂಡದು.

ನನ್ನ ಲೆಕ್ಕ ಇಷ್ಟು. ಬಚ್ಚಲ ನೀರು ಹಿತ್ತಲ ಬಾಳೆ, ಪಪ್ಪಾಯಿ ಗಿಡಗಳಿಗೆ ಹೋಗಲಿ. ನಮ್ಮ ಅಜ್ಜಿಯರು ಮಾಡಿದ್ದೂ ಅದನ್ನೇ. ತಪ್ಪಲಿಗೆ ಬಾವಿಯ ನೀರು, ಅದೂ ಹನಿ ನೀರಾವರಿಯಲ್ಲಿ, ಸವಳು ಏರದ ಹಾಗೆ. ಗೊಬ್ಬರಕ್ಕೆ ಊರಿನ ಹಸಿ ಕಸ ಸಾಕು. ಘನತ್ಯಾಜ್ಯ ನಿಯಮಗಳು ಮನೆಯಲ್ಲೇ ಕಸ ಬೇರ್ಪಡಿಸಲು ಹೇಳುತ್ತವೆ. ಒಣ ಕಸ ಬೆರೆಯದಿದ್ದರೆ ಮಾತ್ರ ಗೊಬ್ಬರ ಗೊಬ್ಬರವಾಗುತ್ತದೆ. ಗಾಜು, ಬ್ಲೇಡು ಬೆರೆತದ್ದನ್ನು ಬರಿಗೈಲಿ ಕಳೆ ಕೀಳುವ ಹೆಣ್ಣುಮಕ್ಕಳ ಮಡಿಗೆ ಹಾಕುವುದು ಅನ್ಯಾಯ.

ಎಲ್ಲಕ್ಕೂ ಮೊದಲು ನೆಲ ಉಳಿಯಬೇಕು. ನಾಲ್ಕೈದು ಗುಂಟೆಯಲ್ಲಿ ತಪ್ಪಲು ಬೆಳೆದು ಬುಟ್ಟಿಯಲ್ಲಿ ಮಾರುವ ಕುಟುಂಬ ಪ್ಲಾಟಿನ ರೇಟಿನ ಮುಂದೆ ಒಂಟಿಯಾಗಿ ನಿಲ್ಲಲಾರದು. ಊರಿನ ಯೋಜನೆಯೇ ಅದರ ಬೆನ್ನಿಗಿರಬೇಕು.

ಸರಕಾರದ ಹಣಕ್ಕೆ ಕಾಯದೆ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ಕೃಷ್ಣೆಗೆ ಅಡ್ಡಲಾಗಿ ಶ್ರಮಬಿಂದು ಸಾಗರ ಎಂಬ ಬ್ಯಾರೇಜು ಕಟ್ಟಿದ ಸೀಮೆ ಇದು. ಇಲ್ಲಿ ನಾಲ್ಕು ಮಡಿ ಉಳಿಸುವುದು ಅಸಾಧ್ಯವಲ್ಲ. ತೇರದಾಳ ಪುರಸಭೆಯ, ರಬಕವಿ-ಬನಹಟ್ಟಿ ನಗರಸಭೆಯ ಸದಸ್ಯರಲ್ಲಿ ನನ್ನ ವಿನಂತಿ: ಊರ ಬೆಳವಣಿಗೆಯ ನಕ್ಷೆ ನಿಮ್ಮ ಮುಂದೆ ಬಂದಾಗ ರಸ್ತೆ, ಶಾಲೆ, ಉದ್ಯಾನದ ಜತೆಗೆ ತಪ್ಪಲು ಬೆಳೆಯುವ ನೆಲವನ್ನೂ ಗುರುತಿಸಿ, ಅದಕ್ಕೊಂದು ಬಣ್ಣ ಹಚ್ಚಿಸಿ.