ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು

ಸಭೆ ಮುಗಿಯುತ್ತ ಬಂದಿತ್ತು. ನಡವಳಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತಿತ್ತು, ಅದರ ಹಿಂದೆಯೇ ಇಂಕಿನ ಪ್ಯಾಡು. ಹೆಡ್‌ಮೇಷ್ಟ್ರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಒಬ್ಬೊಬ್ಬರೇ ರುಜು ಹಾಕಿ, ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ರಾಗಿ ಹೊಲದಲ್ಲಿ ಕಳೆ ಕೀಳುವ ಕಾಲ, ಎಲ್ಲರಿಗೂ ಅವಸರ. ಪುಸ್ತಕ ಒಬ್ಬ ತಾಯಿಯ ಹತ್ತಿರ ಬಂತು. ಅವರು ಪ್ಯಾಡನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

‘ಏನು ಬರೆದಿದೀರಿ ಅಂತ ಒಂದ್ಸಲ ಓದಿ ಹೇಳಿ ಮೇಷ್ಟ್ರೆ. ಆಮೇಲೆ ಒತ್ತುತೀನಿ.’

ಮೇಷ್ಟ್ರು ಓದಿದರು. ಮೂರನೆಯ ವಿಷಯ: ಹೆಣ್ಣುಮಕ್ಕಳ ಶೌಚಾಲಯ ದುರಸ್ತಿ ಮಾಡಿಸಿದ ಖರ್ಚಿಗೆ ಅನುಮೋದನೆ. ‘ದುರಸ್ತಿ ಆಗಿದ್ರೆ ನನ್ನ ಮಗಳು ಮನೆಗೆ ಬರೋವರೆಗೂ ತಡ್ಕೊಂಡು ಯಾಕೆ ಕೂರ್ತಾಳೆ?’ ಎಂದರು ಆಕೆ. ಹೊರಟಿದ್ದವರೂ ನಿಂತರು. ಎಲ್ಲರೂ ಶಾಲೆಯ ಹಿಂದಕ್ಕೆ ನಡೆದೆವು. ಗೋಡೆಗೆ ಹೊಸ ಸುಣ್ಣ ಬಳಿದಿತ್ತು, ನಲ್ಲಿಯಲ್ಲಿ ನೀರೂ ಬರುತ್ತಿತ್ತು. ಬಾಗಿಲಿಗೆ ಒಳಗಿನ ಚಿಲಕವಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಗೆಳತಿ ಬಾರದ ದಿನ ಆ ಹುಡುಗಿ ಬೆಳಿಗ್ಗೆಯಿಂದ ನೀರನ್ನೇ ಕುಡಿಯುತ್ತಿರಲಿಲ್ಲವಂತೆ.

ಮೇಷ್ಟ್ರು ದುಡ್ಡು ನುಂಗಿರಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಕಂಪ್ಯೂಟರಿಗೆ ತುಂಬಬೇಕಾದ ಮಕ್ಕಳ ವಿವರ, ಇಷ್ಟರ ನಡುವೆ ಎರಡು ತರಗತಿಗೆ ಪಾಠ. ಹೆಣ್ಣುಮಕ್ಕಳು ಇಂಥದ್ದನ್ನು ಗಂಡಸು ಮೇಷ್ಟ್ರ ಮುಂದೆ ಹೇಳುವುದೂ ಇಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಚಿಲಕ ಬಂತು.

ಅದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ. ಅದರ ಸದಸ್ಯರ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗೆ ಆ ಚಿಲಕ ನೆನಪಾಗುತ್ತದೆ. ಸ್ವಾತಂತ್ರ್ಯ ದಿನದಂದು ಬಾವುಟದ ಪಕ್ಕ ನಿಲ್ಲುವುದು, ಶಾಲಾ ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕಿಸುವುದು ಎಂದೇ ಬಹಳ ಊರುಗಳು ತಿಳಿದಿವೆ. ಕಾನೂನು ಕೊಟ್ಟಿರುವ ಅಧಿಕಾರ ಅದಕ್ಕಿಂತ ಎಷ್ಟೋ ದೊಡ್ಡದು. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರಲ್ಲಿ ಕರ್ನಾಟಕ ಈ ಸಮಿತಿಗಳನ್ನು ರಚಿಸಿತು. ದೇಶದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು, ಅಂದರೆ ನಾವು ಅದಕ್ಕೂ ಒಂಬತ್ತು ವರ್ಷ ಮೊದಲೇ ಹೆಜ್ಜೆ ಇಟ್ಟವರು. ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿ ಅಥವಾ ಪೋಷಕರೇ ಆಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೂ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಬಂದ ಅನುದಾನ ಎಲ್ಲಿಗೆ ಹೋಯಿತೆಂದು ಕೇಳುವುದು ಇವರ ಹೊಣೆ. ಕೂಲಿ ಮಾಡುವ ತಾಯಿಗೆ ಸರ್ಕಾರದ ಲೆಕ್ಕ ಕೇಳುವ ಹಕ್ಕನ್ನು ಇಷ್ಟು ಬಿಡಿಸಿ ಬರೆದುಕೊಟ್ಟ ಕಾನೂನುಗಳು ನಮ್ಮಲ್ಲಿ ಹೆಚ್ಚಿಲ್ಲ.

ದುಡ್ಡು ದೊಡ್ಡದೇನಲ್ಲ. ಸಮಗ್ರ ಶಿಕ್ಷಣದ ಮಾನದಂಡದಂತೆ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ ಸಿಗುವ ಶಾಲಾ ಅನುದಾನ 25 ಸಾವಿರ ರೂಪಾಯಿ. ಅದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೇ ಖರ್ಚು ಮಾಡಬೇಕು. ಸೀಮೆಸುಣ್ಣ, ರಿಜಿಸ್ಟರು, ಕರೆಂಟು, ಸಣ್ಣಪುಟ್ಟ ರಿಪೇರಿ ಎಲ್ಲ ಇದರಲ್ಲೇ ಆಗಬೇಕು. ಇಷ್ಟು ಕಡಿಮೆ ಇರುವುದರಿಂದಲೇ ಒಂದೊಂದು ರೂಪಾಯಿಗೂ ಕಣ್ಣು ಬೇಕು. ಜಾಣ ಸದಸ್ಯರು ಇದಕ್ಕೆ ಪಂಚಾಯಿತಿಯನ್ನೂ ಜೋಡಿಸುತ್ತಾರೆ. ನರೇಗಾದಲ್ಲಿ ಶಾಲೆಗೆ ಕಾಂಪೌಂಡು, ಶೌಚಾಲಯ, ಆಟದ ಮೈದಾನ ಮಾಡಿಸಿಕೊಂಡ ಊರುಗಳು ನಮ್ಮ ರಾಜ್ಯದಲ್ಲಿವೆ. ಗ್ರಾಮಸಭೆಯಲ್ಲಿ ಯಾರೋ ಎದ್ದು ನಿಂತು ಕೇಳಿದ್ದರಿಂದ ಆದ ಕೆಲಸಗಳು ಅವು.

ಹರೇಕಳ ಹಾಜಬ್ಬ ಅವರನ್ನು ನಾವೆಲ್ಲ ಬಲ್ಲೆವು. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಕೂಡಿಸಿದ ಹಣದಲ್ಲಿ ತಮ್ಮೂರಿಗೆ ಶಾಲೆ ತಂದರು, ಪದ್ಮಶ್ರೀ ಪಡೆದರು. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಪ್ರತಿ ಹಳ್ಳಿಯೂ ಒಬ್ಬ ಹಾಜಬ್ಬನಿಗಾಗಿ ಕಾದು ಕೂರುವುದು ಮಕ್ಕಳಿಗೆ ಮಾಡುವ ಅನ್ಯಾಯ. ಇರುವ ಶಾಲೆಯನ್ನು ಉಳಿಸಿಕೊಳ್ಳಲು ಬೇಕಾದವರು ಸಮಿತಿ ಸಭೆಯ ಚಾಪೆಯ ಮೇಲೆ ಆಗಲೇ ಕೂತಿದ್ದಾರೆ.

ಅವರನ್ನು ತಡೆಯುವುದು ಯಾವುದು? ಮೊದಲನೆಯದು ಹೊತ್ತು. ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಬರುವವರು ಕೂಲಿಗೆ ಹೋಗದವರು, ಅಂದರೆ ಬಹುತೇಕ ಕಡೆ ಊರಿನ ಅನುಕೂಲಸ್ಥರು. ಅವರ ಮಕ್ಕಳಲ್ಲಿ ಹಲವರು ಹಳದಿ ಬಸ್ಸು ಹತ್ತಿ ಪಟ್ಟಣದ ಶಾಲೆಗೆ ಹೋಗುತ್ತಾರೆ. ಎರಡನೆಯದು ಸಂಕೋಚ. ತಾನು ಕಲಿಯದ ಶಾಲೆಯಲ್ಲಿ, ಕಲಿತವರ ಮುಂದೆ ಬಾಯಿ ತೆರೆಯುವುದು ಸುಲಭವಲ್ಲ. ಪ್ರಶ್ನೆ ಕೇಳಿದ ಹೆಂಗಸಿಗೆ ‘ನಿಂಗೆ ಏನ್ ಗೊತ್ತಾಗುತ್ತೆ, ಸುಮ್ನೆ ಕೂತ್ಕೊ’ ಎಂದ ಸಭೆಯನ್ನೂ ನಾನು ಕಂಡಿದ್ದೇನೆ, ಹೊಟ್ಟೆ ಉರಿದಿದೆ. ಪಕ್ಷಗಳ ಜಗಳ ಸಮಿತಿಯ ಆಯ್ಕೆಗೂ ನುಗ್ಗುವುದು ಎಲ್ಲರಿಗೂ ತಿಳಿದದ್ದೇ.

ಸಮಿತಿಯ ಕೈಗೆ ಎಟುಕದ ಸಂಗತಿಯೂ ಇದೆ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎನ್ನುತ್ತದೆ ಕಾಯ್ದೆ. ಖಾಲಿ ಹುದ್ದೆಯನ್ನು ಯಾವ ತಾಯಿಯೂ ತುಂಬಲಾರಳು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಅರ್ಜಿ ಕೊಟ್ಟು, ಅತಿಥಿ ಶಿಕ್ಷಕರು ಬರುವುದನ್ನು ಕಾಯಬೇಕು. ಅಲ್ಲಿ ಸರ್ಕಾರವೇ ಉತ್ತರ ಹೇಳಬೇಕು. ಸಮಿತಿ ಇದೆಯೆಂದು ಆ ಹೊಣೆಯನ್ನು ಊರಿನ ಮೇಲೆ ಜಾರಿಸುವುದನ್ನು ನಾನು ಒಪ್ಪುವುದಿಲ್ಲ.

ಸರ್ಕಾರ ನಾಳೆಯೇ ಮಾಡಬಹುದಾದದ್ದು ಮಾತ್ರ ಖರ್ಚಿಲ್ಲದ್ದು. ಸಭೆ ಸಂಜೆಗೆ ಇರಲಿ. ಪ್ರತಿ ನಡವಳಿಯನ್ನೂ ರುಜುವಿಗೆ ಮೊದಲು ಗಟ್ಟಿಯಾಗಿ ಓದುವುದು ಕಡ್ಡಾಯವಾಗಲಿ. ಬಂದ ಹಣ, ಖರ್ಚಾದ ಹಣ ಶಾಲೆಯ ಹೊರಗೋಡೆಯ ಮೇಲೆ ದಪ್ಪಕ್ಷರದಲ್ಲಿ ಕಾಣಲಿ. ಹೊಸ ಸದಸ್ಯರ ತರಬೇತಿ ದೂರದ ತಾಲ್ಲೂಕು ಕೇಂದ್ರದಲ್ಲಿ ಬೇಡ, ಅವರ ಶಾಲೆಯಲ್ಲೇ, ಅವರ ಪುಸ್ತಕ ಮುಂದಿಟ್ಟುಕೊಂಡೇ ನಡೆಯಲಿ.

ಚಿಲಕದ ಶಾಲೆಯಲ್ಲಿ ಈಗ ಸಭೆ ಸಂಜೆ ಆರೂವರೆಗೆ. ಮೊದಲ ಸಂಜೆ ಸಭೆಗೆ ಹೋದಾಗ ಆ ತಾಯಿ ಹೊಲದಿಂದ ನೇರ ಬಂದಿದ್ದರು, ಕೈಯಲ್ಲಿ ಇನ್ನೂ ಕುಡುಗೋಲಿತ್ತು. ಮೇಷ್ಟ್ರು ಓದುತ್ತಿದ್ದರು. ಪಕ್ಕದಲ್ಲಿ ಕೂತ ಐದನೇ ತರಗತಿಯ ಮಗಳು ಪುಸ್ತಕದ ಸಾಲುಗಳ ಮೇಲೆ ಬೆರಳು ಜರುಗಿಸುತ್ತ, ಮೇಷ್ಟ್ರು ಒಂದೂ ಸಾಲು ಬಿಟ್ಟಿಲ್ಲವೆಂದು ನೋಡಿಕೊಳ್ಳುತ್ತಿದ್ದಳು.