ಹಲ್ಲಿಲ್ಲದ ಚಕ್ರ

ಈ ವಾರ ಟೈಲ್ಸ್ ಕತ್ತರಿಸುವ ಸಲಕರಣೆಗಳ ಬಗ್ಗೆ ಮಾತಾಡೋಣ. ಬ್ಯಾಂಕಿನ ಗುಮಾಸ್ತನಾಗಿದ್ದವನಿಗೆ ಗಾರೆ ಕೆಲಸದ ಉಸಾಬರಿ ಯಾಕೆ ಎಂದು ನನ್ನ ಓರಗೆಯವರು ನಗಬಹುದು. ಆದರೆ ಬಚ್ಚಲುಮನೆಯಲ್ಲಿ ಕಾಲು ಜಾರುವ ವಯಸ್ಸು ನಮ್ಮದೇ ತಾನೇ? ಜಾರದ ಟೈಲ್ಸ್ ಹಾಕಿಸೋಣ ಎಂದು ಮಗನೋ ಸೊಸೆಯೋ ಹೊರಟಾಗ, ಹಗಲೆಲ್ಲ ಮನೆಯಲ್ಲಿದ್ದು ಕೆಲಸ ನೋಡಿಕೊಳ್ಳುವವರು ಅಜ್ಜ, ಅಜ್ಜಿ. ರಜೆಯಾದರೆ ಜೊತೆಗೆ ಮೊಮ್ಮಕ್ಕಳು.

ಮೊದಲು ಒಂದು ಲೆಕ್ಕ, ಮಕ್ಕಳೇ. ಕೋಣೆಯ ಅಗಲ 10 ಅಡಿ 4 ಇಂಚು. ಟೈಲ್ 2 ಅಡಿಯ ಚೌಕ. ಸಾಲಾಗಿ ಐದು ಇಟ್ಟರೆ 10 ಅಡಿ ಆಯಿತು, ಗೋಡೆಯ ಪಕ್ಕ 4 ಇಂಚಿನ ಪಟ್ಟಿ ಉಳಿಯಿತು. ನೆಲಕ್ಕೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಅನುಭವಸ್ಥ ಮೇಸ್ತ್ರಿ ಹಾಗೆ ಮಾಡುವುದಿಲ್ಲ. ನಡುವೆ ನಾಲ್ಕೇ ಇಡೀ ಟೈಲ್ ಇಟ್ಟು, ಉಳಿದ 28 ಇಂಚನ್ನು ಎರಡು ಕಡೆಗೂ 14 ಇಂಚಿನಂತೆ ಹಂಚುತ್ತಾರೆ. ನೋಟಕ್ಕೆ ಲಕ್ಷಣ, ಆದರೆ ಪ್ರತಿ ಸಾಲಿಗೂ ಎರಡು ಟೈಲ್ ಕತ್ತರಿಸಬೇಕು. ಅಂಗಡಿಗೆ ಹೋಗುವ ಮೊದಲೇ ಈ ಲೆಕ್ಕ ಹಾಕಿಕೊಳ್ಳಿ: ಎಷ್ಟು ಕಡೆ ನೇರವಾಗಿ ಕತ್ತರಿಸಬೇಕು, ಬಾಗಿಲ ಚೌಕಟ್ಟಿನ ಮೂಲೆ ಎಷ್ಟು, ನಲ್ಲಿಗೆ ತೂತು ಎಷ್ಟು. ಸಲಕರಣೆ ಯಾವುದು ಬೇಕೆಂದು ಆಗ ತಾನಾಗಿಯೇ ತಿಳಿಯುತ್ತದೆ.

ನೇರ ಗೆರೆಗೆ ಕೈಯಲ್ಲಿ ಎಳೆಯುವ ಟೈಲ್ ಕಟ್ಟರ್ ಸಾಕು. ಎರಡು ಕಂಬಿಗಳ ಮೇಲೆ ಜಾರುವ ಒಂದು ಹಿಡಿ, ಅದರ ಬುಡದಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಪುಟ್ಟ ಚಕ್ರ. ಅದು ಟೈಲನ್ನು ಕತ್ತರಿಸುವುದೇ ಇಲ್ಲ! ಹೊಳೆಯುವ ಮೈ ಮೇಲೆ ಒಂದು ಗೀರು ಹಾಕುತ್ತದೆ, ಅಷ್ಟೆ. ಆಮೇಲೆ ಹಿಡಿ ಒತ್ತಿದರೆ ಟೈಲ್ ಗೀರಿನುದ್ದಕ್ಕೂ ಟಕ್ಕೆಂದು ಮುರಿಯುತ್ತದೆ. ಅಜ್ಜಿ ಕಡಲೆಮಿಠಾಯಿ ಬಿಸಿಯಿರುವಾಗಲೇ ಚಾಕುವಿನಲ್ಲಿ ಗೆರೆ ಹಾಕಿ, ಆರಿದ ಮೇಲೆ ಮುರಿಯುವುದಿಲ್ಲವೇ, ಅದೇ ಉಪಾಯ. ಗೀರು ಒಂದೇ ಸಲ ಎಳೆಯಬೇಕು. ಎರಡನೇ ಸಲ ಎಳೆದರೆ ಮುರಿತ ಅಡ್ಡಾದಿಡ್ಡಿ ಹೋಗುತ್ತದೆ. ಕರೆಂಟು ಬೇಡ, ಗದ್ದಲವಿಲ್ಲ, ದೂಳು ಇಲ್ಲವೆನ್ನುವಷ್ಟು ಕಡಿಮೆ. ಕಟ್ಟರ್ ಮಾತ್ರ ಟೈಲಿಗಿಂತ ಉದ್ದವಿರಬೇಕು. 2 ಅಡಿಯ ಟೈಲನ್ನು ಮೂಲೆಯಿಂದ ಮೂಲೆಗೆ ಕತ್ತರಿಸುವುದಾದರೆ ಸುಮಾರು 34 ಇಂಚು ಬೇಕು; ಯಾಕೆಂದು ಪೈಥಾಗೊರಸ್ ಪ್ರಮೇಯ ಓದಿದವರು ತಮ್ಮ ತಂಗಿಯರಿಗೆ ಹೇಳಿಕೊಡಿ.

ಮೂಲೆ ಕತ್ತರಿಸಲು, ತೀರಾ ಕಿರಿದಾದ ಪಟ್ಟಿ ತೆಗೆಯಲು, ಗ್ರಾನೈಟ್ ಕೊಯ್ಯಲು ಈ ಕಟ್ಟರ್ ನಡೆಯದು. ಅಲ್ಲಿಗೆ 4 ಇಂಚಿನ ಕಟಿಂಗ್ ಮಷಿನ್ ಬೇಕು. ಅದರ ಬ್ಲೇಡಿನ ಅಂಚನ್ನು ಗಮನಿಸಿ. ಮರ ಕೊಯ್ಯುವ ಗರಗಸಕ್ಕಿರುವ ಹಲ್ಲು ಇದಕ್ಕಿಲ್ಲ. ಅಂಚಿನಲ್ಲಿ ವಜ್ರದ ಸಣ್ಣ ಹರಳುಗಳನ್ನು ಕೂರಿಸಿರುತ್ತಾರೆ. ಅವು ಟೈಲನ್ನು ಅರೆದು ಅರೆದು ದಾರಿ ಮಾಡುತ್ತವೆ. ಟೈಲಿಗೆ ಅಂಚು ಅಖಂಡವಾಗಿರುವ ಬ್ಲೇಡ್ ಕೇಳಿ. ನಡುನಡುವೆ ಸೀಳಿರುವುದು ಕಾಂಕ್ರೀಟಿಗೆ, ಇಟ್ಟಿಗೆಗೆ. ಅದನ್ನು ಹಾಕಿದರೆ ಟೈಲಿನ ಅಂಚು ಇಲಿ ಕಡಿದಂತಾಗುತ್ತದೆ. ಬ್ಲೇಡಿನ ಮೇಲೆ ಬರೆದ ಗರಿಷ್ಠ ವೇಗ ಮಷಿನ್ನಿನ ವೇಗಕ್ಕಿಂತ ಕಡಿಮೆ ಇರಬಾರದು.

ಆ ವೇಗ ಎಷ್ಟೆಂದು ನೋಡೋಣ. ನಿಮಿಷಕ್ಕೆ 11,000 ಸುತ್ತು ಎಂದಿಟ್ಟುಕೊಳ್ಳಿ. 4 ಇಂಚಿನ ಬ್ಲೇಡಿನ ಸುತ್ತಳತೆ ಸುಮಾರು 32 ಸೆಂ.ಮೀ. ಗುಣಿಸಿದರೆ ಬ್ಲೇಡಿನ ಅಂಚು ಗಂಟೆಗೆ 200 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ! ಮೈಸೂರಿನ ಯಾವ ರೈಲೂ ಹಾಗೆ ಓಡುವುದಿಲ್ಲ. ಬ್ಲೇಡಿನ ಮೇಲಿನ ಲೋಹದ ಕವಚವನ್ನು ಅಡ್ಡ ಬರುತ್ತದೆಂದು ಬಿಚ್ಚಿಡುವವರಿದ್ದಾರೆ. ಹಾಗಿದ್ದರೆ ಅಜ್ಜಂದಿರು ಕೆಲಸ ನಿಲ್ಲಿಸಿ ಹಾಕಿಸಿ. ನಮ್ಮ ಮನೆಯಲ್ಲಿ, ಕನ್ನಡಕ ಹಾಕದೆ ಮಷಿನ್ ಎತ್ತಬಾರದು, ಮಕ್ಕಳು ಆ ಕೋಣೆಯ ಹೊಸ್ತಿಲು ದಾಟಬಾರದು ಎಂದು ಮೊದಲ ದಿನವೇ ಕರಾರು.

ದೂಳಿನ ವಿಷಯ ಇನ್ನೂ ದೊಡ್ಡದು. ನಾನು ಕೌಂಟರಿನಲ್ಲಿದ್ದಾಗ ಕಲ್ಲು ಕೆಲಸದವರೊಬ್ಬರು ತಿಂಗಳಿಗೊಮ್ಮೆ ಬರುತ್ತಿದ್ದರು. ಪಾಸ್‌ಪುಸ್ತಕದ ಪ್ರಕಾರ ವಯಸ್ಸು 44. ಬ್ಯಾಂಕಿನ ಆರು ಮೆಟ್ಟಿಲು ಹತ್ತಿ ಬಂದವರು ಬೆಂಚಿನ ಮೇಲೆ ಕೂತು ಐದು ನಿಮಿಷ ಸುಧಾರಿಸಿಕೊಂಡೇ ಚೀಟಿ ಬರೆಯುತ್ತಿದ್ದರು. ಕೂಡಿಟ್ಟ ದುಡ್ಡೆಲ್ಲ ಆಸ್ಪತ್ರೆಗೆ ಹೋಯಿತು. ಕೊನೆಗೆ ಖಾತೆ ಮುಚ್ಚಲು ಹೆಂಡತಿ ಬಂದರು. ಕಲ್ಲು, ಟೈಲ್ಸ್, ಕಾಂಕ್ರೀಟಿನ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲೇ ಕೂರುತ್ತವೆ. ಸಿಲಿಕೋಸಿಸ್ ಎಂಬ ಆ ಕಾಯಿಲೆಯನ್ನು ತಡೆಯಬಹುದು, ವಾಸಿ ಮಾಡಲಾಗದು.

ತಡೆಯುವ ದಾರಿ ನೀರು. ಬ್ಲೇಡಿಗೆ ನೀರು ಬಿಡುವ ಕೊಳವೆಯಿರುವ ಮಷಿನ್ ಸಿಗುತ್ತದೆ. ಕೆಳಗೆ ನೀರಿನ ತೊಟ್ಟಿಯಿರುವ ಮೇಜಿನ ಕಟ್ಟರೂ ಇದೆ. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಸಾಮಾನ್ಯ ಗ್ರೈಂಡರಿಗೆ ನೀರು ಸುರಿಯುವುದನ್ನು ನೀವೂ ನೋಡಿರುತ್ತೀರಿ. ನೀರು ಮೋಟರಿಗೆ ಇಳಿದರೆ ಶಾಕ್ ಹೊಡೆಯುತ್ತದೆ, ಆ ಸಾಹಸ ಬೇಡ. ಕೊಳವೆಯ ಮಷಿನ್ನಾದರೂ ಆರ್‌ಸಿಸಿಬಿ ಇರುವ ಪ್ಲಗ್ಗಿಗೇ ಹಾಕಿಸಿ. ಮೂಗಿಗೆ ಟವೆಲ್ ಕಟ್ಟಿದರೆ ಸಾಲದು, ಎನ್-95 ಮಾಸ್ಕ್ ಬೇಕು. ನಮ್ಮ ಮೇಸ್ತ್ರಿಯ ಜೊತೆ ಬಂದಿದ್ದ ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ. ಮಾಸ್ಕ್ ಕೊಟ್ಟರೆ, "ಸೆಕೆ ಆಗುತ್ತೆ ಯಜಮಾನ್ರೆ" ಅಂದ. "ಕಾಫಿ ಬೇಕಾದ್ರೆ ಹಾಕ್ಕೋಪ್ಪಾ" ಅಂದರು ನಮ್ಮ ಮನೆಯವರು. ಹಾಕಿಕೊಂಡ.

ಒಂದು ಬಚ್ಚಲುಮನೆಗೋಸ್ಕರ ಇವನ್ನೆಲ್ಲ ಕೊಳ್ಳುವುದು ನನ್ನ ಲೆಕ್ಕದಲ್ಲಿ ದಂಡ. ಮೇಸ್ತ್ರಿ ತರುತ್ತಾರೆ, ಇಲ್ಲವೇ ಬಾಡಿಗೆಗೆ ಸಿಗುತ್ತದೆ. ಮಾಸ್ಕ್, ಕನ್ನಡಕ, ಹೊಸ ಬ್ಲೇಡ್ ಇಷ್ಟಕ್ಕೆ ಮಾತ್ರ ಮನೆಯವರೇ ದುಡ್ಡು ಕೊಡಿ. ಬ್ಲೇಡ್ ಸವೆದಿದ್ದರೆ ಅಂಚು ಒಡೆದು ಹಾಳಾಗುವ ಟೈಲ್ಸಿನ ಬೆಲೆಯೇ ಹೆಚ್ಚು.

ಹಾಂ, 14 ಇಂಚು ಕತ್ತರಿಸಿದ ಮೇಲೆ ಉಳಿದ 10 ಇಂಚಿನ ತುಂಡನ್ನು ಎಸೆಯಲು ಬಿಡಬೇಡಿ. ಅದರಲ್ಲಿ ಗೋಡೆಯ ಬುಡಕ್ಕೆ 4 ಇಂಚಿನ ಎರಡು ಪಟ್ಟಿ ಬರುತ್ತವೆ.